ಮಂಡ್ಯ ಸೀಮೆಯ ಮಣ್ಣಿನ ಕಸುಬು: ತಿಗರಿಯಿಂದ ಎರಕದ ಅಚ್ಚಿನವರೆಗೆ

ಮಂಡ್ಯ: ಕಬ್ಬು, ಭತ್ತ, ಬೆಲ್ಲ ಹಾಗೂ ಕಾವೇರಿ ನೀರಿನ ವಿಚಾರದಿಂದಲೇ ಹೆಚ್ಚಾಗಿ ಸುದ್ದಿಯಾಗುವ ಮಂಡ್ಯ ಜಿಲ್ಲೆಗೆ ಇನ್ನೊಂದು ಮುಖವಿದೆ. ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ ಮತ್ತು ನಾಗಮಂಗಲ ತಾಲ್ಲೂಕುಗಳು ಶತಮಾನಗಳಿಂದ ಕೈಕಸುಬಿನ ನೆಲೆಗಳಾಗಿವೆ. ಕುಂಬಾರರ ಮಡಕೆ, ನಾಗಮಂಗಲದ ಕಂಚಿನ ಮೂರ್ತಿ, ಮೇಲುಕೋಟೆಯ ನಾಮದ ಮಣ್ಣು, ಶ್ರೀರಂಗಪಟ್ಟಣದ ಹಬ್ಬದ ಗೊಂಬೆ ಇವುಗಳ ನಡುವೆ ಮೇಲ್ನೋಟಕ್ಕೆ ಯಾವ ಸಂಬಂಧವೂ ಕಾಣದು. ಆದರೆ ಇವೆಲ್ಲವೂ ಮಣ್ಣಿನಿಂದಲೇ ಆರಂಭವಾಗುವಂಥವು. ಇವುಗಳಲ್ಲಿ ಯಾವುದೂ ಒಬ್ಬ ಕುಶಲಕರ್ಮಿಯ ಮನೆಯೊಳಗೆ ಹುಟ್ಟಿ ಅಲ್ಲಿಯೇ ಮುಗಿಯುವ ವಸ್ತುವಲ್ಲ ಎಂಬುದು ಇನ್ನೊಂದು ಸಾಮ್ಯ. ಕೆರೆಯ ಊರು, ಮದುವೆಯ ಮನೆ, ದೇವಸ್ಥಾನ, ಸಂತೆ ಇವು ಸೇರಿಯೇ ಕಸುಬನ್ನು ನಡೆಸಿಕೊಂಡು ಬಂದಿವೆ. ಈ ನಂಟು ಉಳಿದ ಕಡೆ ಕಸುಬು ಉಳಿದಿದೆ. ನಂಟು ಹರಿದ ಕಡೆ ಸರ್ಕಾರದ ನೆರವು ಬಂದರೂ ತಿಗರಿ ಮೂಲೆ ಸೇರಿದೆ.

ಕೆರೆಯಂಗಳದಿಂದ ಆವಿಗೆಯವರೆಗೆ

ಕಾವೇರಿ ಬಯಲಿನಲ್ಲಿ ಮಡಕೆಯ ಇತಿಹಾಸ ಬಹು ಹಿಂದಕ್ಕೆ ಹೋಗುತ್ತದೆ. ಶ್ರೀರಂಗಪಟ್ಟಣದಿಂದ ಕೆಳಗೆ, ಕಾವೇರಿ ಮತ್ತು ಕಪಿಲೆ ಸೇರುವ ತಿರುಮಕೂಡಲು ನರಸೀಪುರದಲ್ಲಿ ನಡೆದ ಉತ್ಖನನದಲ್ಲಿ ನವಶಿಲಾಯುಗದ ಮಣ್ಣಿನ ಪಾತ್ರೆಗಳು ದೊರೆತಿವೆ. ಅಲ್ಲಿಂದ ಇಲ್ಲಿಯವರೆಗೆ ಕೈಗಳು ಬದಲಾಗಿರಬಹುದು, ಮೂಲ ಸಾಮಗ್ರಿ ಮಾತ್ರ ಅದೇ: ಮಣ್ಣು, ನೀರು, ಬೆಂಕಿ.

ಕುಂಬಾರನ ಕೆಲಸ ತಿಗರಿಯಿಂದ ಆರಂಭವಾಗುತ್ತದೆ ಎಂದು ಪೇಟೆಯ ಜನ ತಿಳಿಯುವುದುಂಟು. ವಾಸ್ತವದಲ್ಲಿ ಅದು ಕೆರೆಯಲ್ಲಿ ಆರಂಭವಾಗುತ್ತದೆ. ಬೇಸಿಗೆಯಲ್ಲಿ ಕೆರೆಯ ನೀರು ಹಿಂದೆ ಸರಿದಾಗ ಅಂಗಳದಲ್ಲಿ ಉಳಿಯುವ ಗೋಡು ಎಲ್ಲ ಕಡೆ ಒಂದೇ ಬಗೆಯದಲ್ಲ. ಮೇಲಿನ ಪದರದಲ್ಲಿ ಬೇರು, ಕಸ, ಉಸುಕು. ಅದರ ಕೆಳಗೆ ಬೆರಳಿಗೆ ಅಂಟುವ ಜೇಡಿ. ಯಾವ ಕೆರೆಯ ಯಾವ ಮಗ್ಗುಲಿನ ಮಣ್ಣು ಕೊಡಕ್ಕೆ ಆದೀತು, ಯಾವುದು ರೊಟ್ಟಿ ಹೆಂಚಿಗೆ ತಕ್ಕುದು ಎಂಬ ತಿಳಿವಳಿಕೆ ಬರಹಕ್ಕಿಳಿದದ್ದು ಕಡಿಮೆ, ಮನೆಯ ಹಿರಿಯರಿಂದ ಕಿರಿಯರಿಗೆ ಸಂದದ್ದೇ ಹೆಚ್ಚು. ಮಣ್ಣನ್ನು ಒಣಗಿಸಿ, ಕುಟ್ಟಿ, ಜರಡಿ ಹಿಡಿದು, ನೆನೆಹಾಕಿ, ತಕ್ಕಷ್ಟು ಮರಳು ಸೇರಿಸಿ ಕಾಲಿನಿಂದ ತುಳಿಯಬೇಕು. ಈ ತುಳಿತದಲ್ಲಿ ಒಂದು ಸಣ್ಣ ಕಲ್ಲು ಕಣ್ತಪ್ಪಿ ಉಳಿದರೂ ಸುಡುವಾಗ ಪಾತ್ರೆ ಸೀಳುತ್ತದೆ.

ಹದವಾದ ಮುದ್ದೆಯನ್ನು ತಿಗರಿಯ ನಡುವೆ ಇಟ್ಟು, ಕೋಲಿನಿಂದ ಚಕ್ರವನ್ನು ತಿರುಗಿಸಿ, ಅದು ನಿಧಾನವಾಗುವ ಮೊದಲು ಕಂಠ ಮತ್ತು ಹೆಗಲನ್ನು ಎತ್ತಿ ನಿಲ್ಲಿಸುವುದು ಎರಡನೆಯ ಹಂತ. ಸಾಂಪ್ರದಾಯಿಕ ಮಡಕೆ ತಿಗರಿಯ ಮೇಲೆಯೇ ಪೂರ್ಣಗೊಳ್ಳುವುದಿಲ್ಲ ಎಂಬುದು ಗಮನಾರ್ಹ. ಅಲ್ಲಿಂದ ಇಳಿಯುವಾಗ ಅದರ ಗೋಡೆ ದಪ್ಪ, ಹೊಟ್ಟೆ ಚಿಕ್ಕದು. ಅರೆ ಆರಿದ ಬಳಿಕ ಒಳಗೆ ಒಂದು ದುಂಡು ಕಲ್ಲನ್ನು ಆನಿಸಿ ಹಿಡಿದು, ಹೊರಗಿನಿಂದ ಮರದ ಹಲಗೆಯಲ್ಲಿ ತಟ್ಟುತ್ತಾ ತಟ್ಟುತ್ತಾ ಹೊಟ್ಟೆಯನ್ನು ಹಿಗ್ಗಿಸಿ ತಳವನ್ನು ಮುಚ್ಚಲಾಗುತ್ತದೆ. ಈ ತಟ್ಟುವಿಕೆಯಿಂದಲೇ ಗೋಡೆ ತೆಳುವಾಗಿ, ಗಟ್ಟಿಯಾಗಿ, ತಲೆಯ ಮೇಲೆ ಹೊರಲು ಹಗುರವಾಗುತ್ತದೆ. ಕುಂಬಾರ ಗುಂಡಯ್ಯ ಮಡಕೆ ತಟ್ಟುವ ಸದ್ದಿಗೆ ಶಿವನೇ ಬಂದು ಕುಣಿದನೆಂಬ ಕಥೆಯನ್ನು ಹರಿಹರ ಕವಿ ತನ್ನ ರಗಳೆಯಲ್ಲಿ ಹೇಳಿದ್ದಾನೆ. ಕುಂಬಾರರ ಕೇರಿಯಲ್ಲಿ ಒಂದು ಬೆಳಗು ಕಳೆದವರಿಗೆ ಆ ಕಥೆ ಹುಟ್ಟಿದ ಬಗೆ ಸುಲಭವಾಗಿ ಅರ್ಥವಾದೀತು.

ಕೆಮ್ಮಣ್ಣು ಬಳಿದು, ನುಣುಪುಗಲ್ಲಿನಿಂದ ಉಜ್ಜಿ, ನೆರಳಿನಲ್ಲಿ ಒಣಗಿಸಿದ ಪಾತ್ರೆಗಳನ್ನು ಆವಿಗೆಯಲ್ಲಿ ಪೇರಿಸಿ, ಸೌದೆ, ತೆಂಗಿನ ಗರಿ, ಹುಲ್ಲು ಹೊದಿಸಿ, ಮೇಲೆ ಹಸಿ ಮಣ್ಣು ಮೆತ್ತಿ ಬೆಂಕಿ ಇಡುತ್ತಾರೆ. ಗಾಳಿ ಆಡಿದರೆ ಮಡಕೆ ಕೆಂಪಾಗುತ್ತದೆ. ಗಾಳಿಯ ದಾರಿ ಮುಚ್ಚಿ ಹೊಗೆ ಒಳಗೇ ನಿಂತರೆ ಇಂಗಾಲ ಹೀರಿ ಕಪ್ಪಾಗುತ್ತದೆ. ಸುಟ್ಟ ಮಣ್ಣಿನ ಸೂಕ್ಷ್ಮ ರಂಧ್ರಗಳಿಂದ ನೀರು ಜಿನುಗಿ ಆವಿಯಾಗುವುದರಿಂದಲೇ ಹೂಜಿಯ ನೀರು ತಣ್ಣಗಿರುವುದು. ತಿಂಗಳ ದುಡಿಮೆ ಒಂದು ರಾತ್ರಿಯ ಬೆಂಕಿಯ ಮೇಲೆ ನಿಂತಿರುತ್ತದೆ. ‘ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ’ ಎಂಬ ಗಾದೆಯಲ್ಲಿ ದೊಣ್ಣೆಯ ಜಾಗದಲ್ಲಿ ಅಕಾಲಿಕ ಮಳೆಯನ್ನು ಇಟ್ಟರೂ ಅರ್ಥ ಕೆಡದು.

ಸಂಪ್ರದಾಯದಂತೆ ತಿಗರಿಯ ಮುಂದೆ ಕೂರುವವರು ಗಂಡಸರು. ಮಣ್ಣು ಹದ ಮಾಡುವುದು, ಬಣ್ಣ ಬಳಿಯುವುದು, ಒಣಗಿಸುವುದು, ತಲೆಹೊರೆಯಲ್ಲಿ ಸಂತೆಗೆ ಒಯ್ದು ಮಾರುವುದು ಹೆಂಗಸರ ಪಾಲಿನ ಕೆಲಸ. ಹೀಗಿದ್ದೂ ‘ಕುಂಬಾರ’ ಎಂದೊಡನೆ ಚಿತ್ರದಲ್ಲಿ ಬರುವವನು ಚಕ್ರದ ಮುಂದಿನ ಗಂಡಸೊಬ್ಬನೇ. ಈ ಕಸುಬಿನ ಅರ್ಧಕ್ಕಿಂತ ಹೆಚ್ಚು ಶ್ರಮ ಆ ಚಿತ್ರದ ಹೊರಗೇ ಉಳಿದುಬಿಡುತ್ತದೆ.

ಹಡದೆ ಮತ್ತು ಐರಣಿ

ಹಳೆಯ ಮೈಸೂರು ಸೀಮೆಯಲ್ಲಿ ಮಡಕೆಯನ್ನು ದುಡ್ಡಿಗೆ ಕೊಳ್ಳುವುದು ತೀರ ಹಿಂದಿನ ಪದ್ಧತಿಯಲ್ಲ. ಮೈಸೂರಿನ ಇತಿಹಾಸ ಬರೆದ ಮಾರ್ಕ್ ವಿಲ್ಕ್ಸ್ 1810ರ ಸುಮಾರಿನಲ್ಲಿಯೇ ಗ್ರಾಮದ 12 ಆಯಗಾರರನ್ನು ಪಟ್ಟಿ ಮಾಡಿದ್ದು, ಗೌಡ, ಶಾನುಭೋಗ, ನೀರಗಂಟಿ, ಕಮ್ಮಾರ, ಬಡಗಿ, ಅಗಸರ ಸಾಲಿನಲ್ಲಿ ಕುಂಬಾರನೂ ಇದ್ದಾನೆ. ಸುಗ್ಗಿಯ ಕಣದಲ್ಲಿ ರೈತ ಅಳೆದು ಕೊಡುತ್ತಿದ್ದ ರಾಗಿ, ಭತ್ತಕ್ಕೆ ಈ ಭಾಗದಲ್ಲಿ ‘ಹಡದೆ’ ಎಂಬ ಹೆಸರು. ಪ್ರತಿಯಾಗಿ ಕುಂಬಾರನು ಆ ಮನೆಗೆ ವರ್ಷಪೂರ್ತಿ ಬೇಕಾದ ಪಾತ್ರೆ ಒದಗಿಸಬೇಕು: ಹಿಟ್ಟಿನ ಮಡಕೆ, ಸಾರಿನ ಕುಡಿಕೆ, ನೀರಿನ ಹರವಿ, ಕಾಳಿನ ಗುಡಾಣ, ದನಗಳ ಕಲಗಚ್ಚಿಗೆ ಬಾನಿ. ಇದನ್ನು ಕೇವಲ ಸೌಹಾರ್ದದ ಚಿತ್ರವಾಗಿ ಕಾಣುವುದೂ ಸರಿಯಲ್ಲ. ಜಾತಿಯ ಮೇಲು-ಕೀಳು, ಬರಗಾಲದಲ್ಲಿ ಕೈಕೊಡುತ್ತಿದ್ದ ಹಡದೆ, ಬೇಡವೆಂದರೂ ಬಿಡಲಾಗದ ಕಸುಬು ಇವೂ ಅದೇ ವ್ಯವಸ್ಥೆಯ ಭಾಗಗಳೇ.

ಆಚರಣೆಯಲ್ಲಿ ಮಾತ್ರ ಕುಂಬಾರನ ಮನೆಗೆ ಬೇರೆಯೇ ಸ್ಥಾನ. ಮದುವೆಯಲ್ಲಿ ಸುಣ್ಣ-ಕೆಮ್ಮಣ್ಣಿನ ಬಣ್ಣ ಹಾಕಿದ ಐರಣಿ ಮಡಕೆಗಳನ್ನು ಕುಂಬಾರರ ಮನೆಯಿಂದಲೇ ತರಬೇಕು. ಮನೆಯವರು ವಾದ್ಯದೊಡನೆ ಅಲ್ಲಿಗೆ ಹೋಗಿ, ಪೂಜೆ ಸಲ್ಲಿಸಿ, ಅಕ್ಕಿ, ಬೆಲ್ಲ, ಎಲೆ-ಅಡಿಕೆ ಕೊಟ್ಟು, ಮಡಕೆಗಳನ್ನು ಚಪ್ಪರಕ್ಕೆ ಹೊತ್ತು ತರುವುದು ರೂಢಿ. ಸಾವಿನ ಮನೆಯಲ್ಲಿ ಬೆಂಕಿ ಒಯ್ಯುವುದೂ ಮಡಕೆಯಲ್ಲಿಯೇ, ಚಿತೆಯ ಬಳಿ ಒಡೆಯುವುದೂ ಮಡಕೆಯನ್ನೇ. ಅಡುಗೆಮನೆಯಿಂದ ಮಣ್ಣಿನ ಪಾತ್ರೆ ಹೊರಬಿದ್ದು ದಶಕಗಳಾದ ಮನೆಗಳೂ ಈ ಎರಡು ಸಂದರ್ಭಗಳಲ್ಲಿ ಕುಂಬಾರರ ಬಾಗಿಲಿಗೆ ಬರುತ್ತವೆ. ಸ್ಟೀಲಿನ ಐರಣಿಯನ್ನು ಈವರೆಗೆ ಯಾರೂ ಒಪ್ಪಿಕೊಂಡಂತಿಲ್ಲ.

ತ್ರಿಪದಿಕಾರ ಸರ್ವಜ್ಞನು ಕುಂಬಾರ ಮನೆತನದ ತಾಯಿಯ ಮಗನೆಂಬುದು ಪ್ರತೀತಿ. ರಾಜ್ಯ ಸರ್ಕಾರ ಫೆಬ್ರುವರಿ 20ರಂದು ಆಚರಿಸುವ ಸರ್ವಜ್ಞ ಜಯಂತಿಯು ಕುಂಬಾರ ಸಮುದಾಯದವರು ಒಂದೆಡೆ ಸೇರುವ ಸಂದರ್ಭವೂ ಆಗಿದೆ.

ನಾಗಮಂಗಲ: ಲೋಹಕ್ಕೂ ಮಣ್ಣೇ ಗರ್ಭ

ಹೊಯ್ಸಳರ ಕಾಲದ ಸೌಮ್ಯಕೇಶವ ದೇವಾಲಯವಿರುವ ನಾಗಮಂಗಲ ಪಟ್ಟಣವು ಕಂಚು, ಹಿತ್ತಾಳೆ ಮತ್ತು ಪಂಚಲೋಹದ ಎರಕಕ್ಕೆ ಬಹುಕಾಲದಿಂದ ಹೆಸರುವಾಸಿ. ಉತ್ಸವಮೂರ್ತಿ, ಪ್ರಭಾವಳಿ, ದೀಪ, ಗಂಟೆ ಇಲ್ಲಿನ ವಿಶ್ವಕರ್ಮ ಕುಶಲಿಗಳ ಕೈಯಿಂದ ರೂಪುಗೊಂಡು ನಾಡಿನ ದೇವಾಲಯಗಳಿಗೆ ಹೋಗಿವೆ.

ಇಲ್ಲಿ ಅನುಸರಿಸುವ ಮೇಣದ ಎರಕದ ವಿಧಾನ ಪುರಾತನವಾದುದು. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು 12ನೇ ಶತಮಾನದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಇದರ ವಿವರಣೆ ದೊರೆಯುತ್ತದೆ. ಜೇನುಮೇಣಕ್ಕೆ ರಾಳ ಬೆರೆಸಿ ಮೊದಲು ಮೂರ್ತಿಯನ್ನು ಮೇಣದಲ್ಲಿಯೇ ರೂಪಿಸಬೇಕು. ಅದರ ಮೇಲೆ ನಯವಾದ ಮಣ್ಣನ್ನು ತೆಳುವಾಗಿ ಬಳಿಯಲಾಗುತ್ತದೆ. ಮೂರ್ತಿಯ ಕಣ್ರೆಪ್ಪೆ, ಒಡವೆಯ ಗೆರೆ, ಬೆರಳ ಸಂದು ಎಲ್ಲವನ್ನೂ ಹಿಡಿದಿಡುವುದು ಈ ಮೊದಲ ಲೇಪವೇ. ಅದು ಆರಿದ ಮೇಲೆ ಮತ್ತೊಂದು ಲೇಪ, ಅದರ ಮೇಲೆ ಒರಟು ಮಣ್ಣು, ದೊಡ್ಡ ಮೂರ್ತಿಯಾದರೆ ತಂತಿಯ ಕಟ್ಟು. ಬಳಿಕ ಅಚ್ಚನ್ನು ಕಾಯಿಸಿದಾಗ ಮೇಣ ಕರಗಿ ಹೊರಗೆ ಹರಿದು, ಒಳಗೆ ಮೂರ್ತಿಯ ಆಕಾರದ ಟೊಳ್ಳು ಉಳಿಯುತ್ತದೆ. ಕರಗಿದ ಲೋಹವನ್ನು ಅದರೊಳಗೆ ಸುರಿದು, ಆರಿದ ನಂತರ ಅಚ್ಚನ್ನು ಒಡೆದು, ಅರ ಮತ್ತು ಉಳಿಯಿಂದ ತಿದ್ದುತ್ತಾರೆ.

ಒಂದು ಅಚ್ಚಿಗೆ ಒಂದೇ ಮೂರ್ತಿ. ಆದ್ದರಿಂದ ಒಂದೇ ಕೈ ಮಾಡಿದ ಎರಡು ಮೂರ್ತಿಗಳಲ್ಲಿಯೂ ಕೂದಲೆಳೆಯ ವ್ಯತ್ಯಾಸ ಇದ್ದೇ ಇರುತ್ತದೆ. ಮೊರಾದಾಬಾದ್, ಅಲಿಗಢಗಳಿಂದ ಬರುವ ಯಂತ್ರದ ಎರಕದ ವಿಗ್ರಹಗಳು ಅಗ್ಗವಾಗಿ ದೊರೆಯುವ ಈ ಕಾಲದಲ್ಲಿ ನಾಗಮಂಗಲದ ಕುಶಲಿಗಳಿಗೆ ಆಸರೆಯಾಗಿರುವುದು ಅಂಗಡಿಯ ಗಿರಾಕಿಗಿಂತ ದೇವಸ್ಥಾನ ಸಮಿತಿಗಳು, ಮನೆದೇವರ ಒಕ್ಕಲುಗಳು. ತಮ್ಮ ದೇವರ ಮುಖ ಇಂಥದೇ ಇರಬೇಕೆಂದು ಬಯಸುವವರು ಎರಕದ ಮನೆಗೆ ನಾಲ್ಕಾರು ಬಾರಿ ಬಂದು, ಮೇಣದ ಹಂತದಲ್ಲಿಯೇ ನೋಡಿ ಒಪ್ಪಿ ಹೋಗುತ್ತಾರೆ. ಐರಣಿಗೆ ಬರುವ ಮದುವೆಯ ಮನೆಯವರಿಗೂ ಇವರಿಗೂ ಈ ಮಟ್ಟಿಗೆ ಹೋಲಿಕೆಯುಂಟು.

ಮೇಲುಕೋಟೆಯ ಬಿಳಿಮಣ್ಣು, ಬಣ್ಣದ ನೂಲು

ಹೈದರ್-ಟಿಪ್ಪು ಕಾಲದಲ್ಲಿ ಫ್ರೆಂಚ್ ಪಡೆಗಳು ಬೀಡುಬಿಟ್ಟಿದ್ದ ಕಾರಣ ‘ಫ್ರೆಂಚ್ ರಾಕ್ಸ್’ ಎನಿಸಿಕೊಂಡಿದ್ದ ಪಾಂಡವಪುರದ ತಾಲ್ಲೂಕಿಗೆ ಸೇರಿದ ಮೇಲುಕೋಟೆಯಲ್ಲಿ ಮಣ್ಣಿಗೆ ಮತ್ತೊಂದು ಮರ್ಯಾದೆ. ಶ್ರೀವೈಷ್ಣವರು ಹಣೆಗೆ ಹಚ್ಚುವ ನಾಮದ ಬಿಳಿಮಣ್ಣು ಇಲ್ಲಿ ದೊರೆಯುತ್ತದೆ. ಅದನ್ನು ಇಲ್ಲಿ ಕಂಡುಕೊಂಡವರು ರಾಮಾನುಜಾಚಾರ್ಯರು ಎಂಬುದು ಐತಿಹ್ಯ. ಈ ಮಣ್ಣು ಕಾಶಿಯವರೆಗೂ ಹೋಗುತ್ತಿತ್ತೆಂದು ಬ್ರಿಟಿಷರ ಕಾಲದ ಗೆಜೆಟಿಯರ್ ದಾಖಲಿಸಿದೆ. ಉತ್ತಮ ದರ್ಜೆಯ ಬಟ್ಟೆ ಮತ್ತು ಪರಿಮಳದ ಲಾವಂಚದ ಬೀಸಣಿಗೆಗಳೂ ಆಗಿನ ಮೇಲುಕೋಟೆಯ ಪ್ರಸಿದ್ಧ ಸರಕುಗಳಾಗಿದ್ದವು.

ಬಟ್ಟೆಯ ಆ ಪರಂಪರೆಗೆ ಹೊಸ ರೂಪ ಬಂದದ್ದು ಜಯಪ್ರಕಾಶ ನಾರಾಯಣರ ಆಪ್ತ ಕಾರ್ಯದರ್ಶಿಯಾಗಿದ್ದ ಸರ್ವೋದಯ ಕಾರ್ಯಕರ್ತ ಸುರೇಂದ್ರ ಕೌಲಗಿ ಅವರಿಂದ. ಅವರು 1960ರಲ್ಲಿ ಮೇಲುಕೋಟೆಯಲ್ಲಿ ಸ್ಥಾಪಿಸಿದ ಜನಪದ ಸೇವಾ ಟ್ರಸ್ಟ್ ಖಾದಿ ನೂಲುವಿಕೆ, ಕೈಮಗ್ಗದ ನೇಯ್ಗೆ ಹಾಗೂ ನೈಸರ್ಗಿಕ ಬಣ್ಣಗಾರಿಕೆಯನ್ನು ಊರಿನ ಉದ್ಯೋಗವಾಗಿ ಬೆಳೆಸಿತು. ಹುಟ್ಟಿನಿಂದ ಕಸುಬಿನವರಲ್ಲದವರೂ ಕಲಿತು ಕೂಡಿ ದುಡಿಯುವ ಮಾದರಿ ಇದು. ಆಯಗಾರಿಕೆಯಲ್ಲಿ ಕಸುಬು ಜಾತಿಗೆ ಅಂಟಿಕೊಂಡಿತ್ತು. ಇಲ್ಲಿ ಮನಸ್ಸಿದ್ದವರು ಮಗ್ಗದ ಮುಂದೆ ಕೂರಬಹುದು. ಈ ಒಂದು ವ್ಯತ್ಯಾಸವೇ ನಾಲ್ಕೂ ತಾಲ್ಲೂಕುಗಳ ಉಳಿದ ಕಸುಬುಗಳಿಗೆ ದಾರಿ ತೋರಬಲ್ಲದು.

ನೈಸರ್ಗಿಕ ಬಣ್ಣದಲ್ಲಿ ದಾಳಿಂಬೆ ಸಿಪ್ಪೆ ಹಳದಿಯನ್ನು, ಮಂಜಿಷ್ಠದ ಬೇರು ಕೆಂಪನ್ನು, ನೀಲಿಗಿಡ ನೀಲಿಯನ್ನು ಕೊಡುತ್ತವೆ. ತುಕ್ಕು ಹಿಡಿದ ಕಬ್ಬಿಣವನ್ನು ಬೆಲ್ಲದ ನೀರಿನಲ್ಲಿ ಹುಳಿಯಲು ಬಿಟ್ಟರೆ ಕಪ್ಪು ಬಣ್ಣ ಸಿದ್ಧ. ಮಂಡ್ಯದ ಬೆಲ್ಲಕ್ಕೆ ಹೀಗೊಂದು ಉಪಯೋಗವಿದೆ ಎಂಬುದು ಆಲೆಮನೆಯವರಿಗೂ ಸೋಜಿಗವೆನಿಸೀತು.

ಕೃಷ್ಣರಾಜಪೇಟೆ: ಹೆಸರು ಕೆತ್ತಿದವನು, ಕೆತ್ತದವರು

ಹಿಂದೆ ಅತ್ತಿಗುಪ್ಪೆ ಎನಿಸಿಕೊಂಡಿದ್ದ ಕೃಷ್ಣರಾಜಪೇಟೆಯ ಸುತ್ತ ಹೊಸಹೊಳಲು, ಕಿಕ್ಕೇರಿ, ಗೋವಿಂದನಹಳ್ಳಿಗಳಲ್ಲಿ ಹೊಯ್ಸಳ ದೇವಾಲಯಗಳಿವೆ. ಗೋವಿಂದನಹಳ್ಳಿಯ ಪಂಚಲಿಂಗೇಶ್ವರ ದೇವಾಲಯದ ದ್ವಾರಪಾಲಕ ಶಿಲ್ಪಗಳಲ್ಲಿ ರೂವಾರಿ ಮಲ್ಲಿತಮ್ಮನ ಹೆಸರು ಕಾಣುತ್ತದೆ. ಸೋಮನಾಥಪುರ, ನುಗ್ಗೇಹಳ್ಳಿ, ಜಾವಗಲ್ಲುಗಳಲ್ಲಿಯೂ ದುಡಿದ 13ನೇ ಶತಮಾನದ ಈ ಶಿಲ್ಪಿ ತನ್ನ ಕೃತಿಯ ಮೇಲೆ ತನ್ನ ಗುರುತು ಬಿಟ್ಟು ಹೋದನು. ಅದೇ ಊರುಗಳ ಕುಂಬಾರರು ಏಳೆಂಟು ಶತಮಾನಗಳಿಂದ ಮಾಡಿದ ಪಾತ್ರೆಗಳ ಮೇಲೆ ಯಾರ ಹೆಸರೂ ಇಲ್ಲ. ಜಪಾನಿನ ಚಿಂತಕ ಯಾನಗಿ ಸೊಯೆತ್ಸು, ನಿತ್ಯಬಳಕೆಯ ಇಂತಹ ಹೆಸರಿಲ್ಲದ ವಸ್ತುಗಳ ಚೆಲುವನ್ನು ಎತ್ತಿಹಿಡಿದು 1936ರಲ್ಲಿ ಟೋಕಿಯೊ ನಗರದಲ್ಲಿ ಅವುಗಳಿಗಾಗಿಯೇ ವಸ್ತುಸಂಗ್ರಹಾಲಯ ತೆರೆದರು. ನಮ್ಮಲ್ಲಿ ದ್ವಾರಪಾಲಕನ ಮುಂದೆ ನಿಂತು ಫೋಟೊ ತೆಗೆಯುವ ಪ್ರವಾಸಿಗರಿಗೆ ದಾರಿಬದಿಯ ಹೂಜಿಯ ಮುಂದೆ ನಿಲ್ಲಲು ಪುರುಸೊತ್ತು ಸಿಗುವುದು ಬೇಸಿಗೆಯಲ್ಲಿ ಬಾಯಾರಿದಾಗ ಮಾತ್ರ.

ಶ್ರೀರಂಗಪಟ್ಟಣ: ಗೊಂಬೆ, ಗಣಪ, ಗಂಜೀಫಾ

ಟಿಪ್ಪು ಸುಲ್ತಾನನು ಶಿರಾದಿಂದ 12,000 ಕುಟುಂಬಗಳನ್ನು ಬಲವಂತವಾಗಿ ಕರೆತಂದು ದ್ವೀಪದಲ್ಲಿ ಶಹರ್ ಗಂಜಾಂ ಎಂಬ ಪೇಟೆಯನ್ನು ನೆಲೆಗೊಳಿಸಿದನೆಂದು ಇತಿಹಾಸ ಹೇಳುತ್ತದೆ. ರಾಜಧಾನಿಗೆ ಜನ ಬೇಕು, ಜನರೊಂದಿಗೆ ಕಸುಬೂ ಬೇಕು. 1799ರಲ್ಲಿ ಕೋಟೆ ಬಿದ್ದು ರಾಜಧಾನಿ ಮೈಸೂರಿಗೆ ಹೋದಾಗ ಈ ಪೇಟೆಯೂ ಸೊರಗಿತು.

ಉಳಿದುಕೊಂಡದ್ದು ಹಬ್ಬ. ರಾಜ ಒಡೆಯರು 1610ರಲ್ಲಿ ದಸರಾ ಆರಂಭಿಸಿದ್ದು ಶ್ರೀರಂಗಪಟ್ಟಣದಲ್ಲಿಯೇ. ನವರಾತ್ರಿಯಲ್ಲಿ ಮನೆಮನೆಗಳಲ್ಲಿ ಕೂರಿಸುವ ಗೊಂಬೆಗಳಲ್ಲಿ ಪಟ್ಟದ ಗೊಂಬೆ ಮರದ್ದಾದರೆ, ಸೆಟ್ಟಿ-ಸೆಟ್ಟಮ್ಮ, ಮದುವೆ ದಿಬ್ಬಣ, ಸಂತೆಯ ಸಾಲುಗಳು ಬಹುಮಟ್ಟಿಗೆ ಮಣ್ಣಿನವು. ಗಣೇಶನ ಹಬ್ಬ ಕುಂಬಾರರಿಗೆ ಮತ್ತೊಂದು ಆಸರೆ. ಪ್ಲಾಸ್ಟರ್ ಆಫ್ ಪ್ಯಾರಿಸ್‌ನ ಮೂರ್ತಿಗಳು ಮಾರುಕಟ್ಟೆ ಹೊಕ್ಕ ಮೇಲೆ ಮಣ್ಣಿನ ಗಣಪ ಹಿಂದೆ ಸರಿದಿದ್ದನು. ರಾಜ್ಯದಲ್ಲಿ 2016ರಲ್ಲಿ ಅಂತಹ ಮೂರ್ತಿಗಳನ್ನು ನಿಷೇಧಿಸಲಾಯಿತು. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ 2020ರ ಮೇ ತಿಂಗಳಲ್ಲಿ ಪರಿಷ್ಕೃತ ಮಾರ್ಗಸೂಚಿ ಹೊರಡಿಸಿತು. ಇದರಿಂದ ಜೇಡಿಮಣ್ಣಿಗೆ ಮತ್ತೆ ಬೇಡಿಕೆ ಬಂದಿದೆ. ಕೆರೆಯಿಂದ ಬಂದ ಮಣ್ಣು ಹಬ್ಬ ಮುಗಿಸಿ ಕೆರೆಗೇ ಮರಳುವ ಈ ಸುತ್ತು ಪರಿಸರ ಇಲಾಖೆಗಳು ಹುಟ್ಟುವ ಮೊದಲೇ ಊರುಗಳಿಗೆ ತಿಳಿದಿತ್ತು.

ಮಣ್ಣಿನದಲ್ಲದಿದ್ದರೂ ಇಲ್ಲಿ ಹೆಸರಿಸಲೇಬೇಕಾದ ಕಲೆ ಗಂಜೀಫಾ. ಕೈಯಿಂದ ಚಿತ್ರಿಸಿದ ಆಟದ ಎಲೆಗಳ ಈ ಕಲೆಗೆ ಮುಮ್ಮಡಿ ಕೃಷ್ಣರಾಜ ಒಡೆಯರ್ ಹೊಸ ಆಟಗಳನ್ನೇ ರಚಿಸಿ ಪ್ರೋತ್ಸಾಹ ನೀಡಿದ್ದು, ‘ಶ್ರೀತತ್ತ್ವನಿಧಿ’ಯಲ್ಲಿ ಅವುಗಳ ವಿವರವಿದೆ. ಮೈಸೂರು ಗಂಜೀಫಾಕ್ಕೆ ಭೌಗೋಳಿಕ ಗುರುತು ದೊರೆತಿದೆ. ಕಲಾವಿದ ಗಂಜೀಫಾ ರಘುಪತಿ ಭಟ್ಟರ ಶ್ರಮದಿಂದ ಮೈಸೂರು-ಶ್ರೀರಂಗಪಟ್ಟಣ ಸೀಮೆಯಲ್ಲಿ ಅದು ಮರುಜೀವ ಪಡೆಯಿತು. ಆಡುವವರು ಇಲ್ಲವಾದ ಮೇಲೂ ಕಲಿಯುವವರು ಇರುವುದರಿಂದ ಉಳಿದ ಕಲೆ ಇದು.

ಹೊಡೆತ ಬಿದ್ದದ್ದು ಎಲ್ಲಿ?

ಮೊದಲ ಹೊಡೆತ ಮಾಡಿನ ಮೇಲೆ ಬಿತ್ತು. ಬಾಸೆಲ್ ಮಿಷನ್ 1865ರಲ್ಲಿ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ತೆರೆದ ನಂತರ, ತಿಗರಿಯ ಮೇಲೆ ಮಾಡುತ್ತಿದ್ದ ನಾಡಹೆಂಚಿನ ಜಾಗವನ್ನು ಮಂಗಳೂರು ಹೆಂಚು ಕ್ರಮೇಣ ಆಕ್ರಮಿಸಿತು. ಅಲ್ಯೂಮಿನಿಯಂ ಅಡುಗೆಮನೆಗೆ ಬಂತು, ಪ್ಲಾಸ್ಟಿಕ್ ಕೊಡ ಬಾವಿಕಟ್ಟೆಗೆ ಬಂತು, ಫ್ರಿಜ್ ಹೂಜಿಯ ಮೂಲೆಗೆ ಬಂತು. ಆದರೂ ಕಸುಬಿನವರಿಗೆ ಈಗ ಹೆಚ್ಚಿನ ಚಿಂತೆ ಗಿರಾಕಿಯದಲ್ಲ, ಮಣ್ಣಿನದು. ಕೆರೆಯ ಹೂಳನ್ನು ಯಂತ್ರದಿಂದ ಎತ್ತುವಾಗ ಪದರಗಳೆಲ್ಲ ಕಲಸಿಹೋಗುತ್ತವೆ. ಇಟ್ಟಿಗೆ ಗೂಡುಗಳಿಗೂ ಅದೇ ಗೋಡು ಬೇಕು. ಒತ್ತುವರಿಯಾದ ಕೆರೆಯಲ್ಲಿ ಅಂಗಳವೇ ಉಳಿದಿರುವುದಿಲ್ಲ. ಆವಿಗೆಯ ಸೌದೆಯ ಬೆಲೆ ಬೇರೆ.

ಸರ್ಕಾರದ ಕ್ರಮಗಳು ಇಲ್ಲದಿಲ್ಲ. ಖಾದಿ ಮತ್ತು ಗ್ರಾಮೋದ್ಯೋಗ ಆಯೋಗದ ಕುಂಬಾರಿಕೆ ತರಬೇತಿ ಸಂಸ್ಥೆ ಬೆಳಗಾವಿ ಜಿಲ್ಲೆಯ ಖಾನಾಪುರದಲ್ಲಿದೆ. ಆಯೋಗವು 2018ರಿಂದ ವಿದ್ಯುತ್ ತಿಗರಿಗಳನ್ನು ವಿತರಿಸುವ ಯೋಜನೆ ನಡೆಸಿದೆ. 2023ರ ಸೆಪ್ಟೆಂಬರ್ 17ರಂದು ಆರಂಭವಾದ ಪಿಎಂ ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ಕುಂಬಾರಿಕೆಯೂ ಸೇರಿದ್ದು, ಉಪಕರಣಗಳಿಗೆ 15,000 ರೂ. ನೆರವು, ಮೊದಲ ಕಂತಿನಲ್ಲಿ 1 ಲಕ್ಷ ರೂ., ಎರಡನೆಯದರಲ್ಲಿ 2 ಲಕ್ಷ ರೂ.ವರೆಗೆ ಶೇ 5ರ ಬಡ್ಡಿಯ ಸಾಲದ ಅವಕಾಶ ಕಲ್ಪಿಸಲಾಗಿದೆ. ಮಣ್ಣಿನ ಮಡಕೆ ಮತ್ತು ಹಣತೆಗಳಿಗೆ ಜಿಎಸ್‌ಟಿ ಇಲ್ಲ. ವಿದ್ಯುತ್ ತಿಗರಿಯಿಂದ ಬೆನ್ನಿನ ಶ್ರಮ ಕಡಿಮೆಯಾಗಿರುವುದು ನಿಜ. ಕೋಲು ಹಿಡಿದು ಭಾರದ ಚಕ್ರ ತಿರುಗಿಸಬೇಕಿಲ್ಲದ ಕಾರಣ ಹೆಂಗಸರೂ ಅದರ ಮುಂದೆ ಕೂರುವಂತಾಗಿದೆ. ಆದರೆ ತಿಗರಿಯನ್ನು ಕೊಡುವ ಯಾವ ಯೋಜನೆಯೂ ಕೆರೆಯಂಗಳದಲ್ಲಿ ಮಣ್ಣಿನ ಜಾಗವನ್ನು ಕುಂಬಾರರಿಗೆ ಕಾದಿರಿಸುವುದಿಲ್ಲ. ಹೂಳೆತ್ತುವ ಮುನ್ನ ಊರಿನ ಕುಂಬಾರರನ್ನು ಕರೆದು ಕೇಳುವುದಕ್ಕೆ ಪಂಚಾಯಿತಿಗೆ ಖರ್ಚೇನೂ ತಗಲದು.

ಇನ್ನೊಂದು ಬೆಳವಣಿಗೆಯೂ ಇದೆ. ಬೆಂಗಳೂರು, ಮೈಸೂರಿನ ಮಣ್ಣಿನ ಕಲೆಯ ಸ್ಟುಡಿಯೊಗಳಲ್ಲಿ ವಾರಾಂತ್ಯ ಕಲಿಯಲು ಬರುವ ಉದ್ಯೋಗಸ್ಥರು ಹೆಚ್ಚುತ್ತಿದ್ದಾರೆ. ಕೈಗೆ ಮಣ್ಣು ಅಂಟಿದಾಗ ಮನಸ್ಸು ತಿಳಿಯಾಗುತ್ತದೆ ಎಂಬುದು ಅವರ ಅನುಭವ, ಅದನ್ನು ತಳ್ಳಿಹಾಕಬೇಕಿಲ್ಲ. ಅಲ್ಲಿ ಶುಲ್ಕ ಕೊಟ್ಟು ಕಲಿಯುವ ಕೆಲಸವನ್ನೇ ಇಲ್ಲಿನ ಕುಂಬಾರರ ಮಕ್ಕಳು ಬಿಟ್ಟು ಗಾರ್ಮೆಂಟ್ಸ್ ಬಸ್ಸು ಹತ್ತುತ್ತಾರೆ. ಅವರಿಗೆ ಬೇಕಿರುವುದು ನೆಮ್ಮದಿಗಿಂತ ಮೊದಲು ತಿಂಗಳ ಸಂಬಳ, ಮತ್ತು ಕಸುಬಿನ ಹೆಸರಿನಿಂದ ಕೀಳಾಗಿ ಕರೆಸಿಕೊಳ್ಳದಿರುವ ಮರ್ಯಾದೆ.

ನೋಡುವವರಿಗೆ, ಕೊಳ್ಳುವವರಿಗೆ

ಆವಿಗೆ ಹಾಕುವುದನ್ನು ನೋಡಬಯಸುವವರು ಸಂಕ್ರಾಂತಿಯಿಂದ ಮುಂಗಾರಿನ ನಡುವೆ ಬರುವುದು ಒಳಿತು. ಮಳೆ ಹಿಡಿದರೆ ಪಾತ್ರೆ ಒಣಗದು, ಆವಿಗೆ ಹೊತ್ತದು. ಗೌರಿ-ಗಣೇಶ ಹಬ್ಬದ ಮುನ್ನ ಮೂರ್ತಿಗಳ ಕೆಲಸ, ದೀಪಾವಳಿ ಮತ್ತು ಕಾರ್ತಿಕಕ್ಕೆ ಹಣತೆಯ ಕೆಲಸ ಕಾಣಸಿಗುತ್ತದೆ. ಮಡಕೆ ಕೊಳ್ಳುವಾಗ ಅದನ್ನು ಅಂಗೈಯಲ್ಲಿ ಎತ್ತಿ ಬೆರಳ ಗೆಣ್ಣಿನಿಂದ ತಟ್ಟಬೇಕು. ಕಣಕಣ ಎಂದರೆ ಚೆನ್ನಾಗಿ ಬೆಂದಿದೆ. ಮಂದವಾಗಿ ಬೊದ್ದೆಂದರೆ ಎಲ್ಲೋ ಬಿರುಕಿದೆ ಅಥವಾ ಬೆಂಕಿ ಸಾಲದಾಗಿದೆ. ಹೊಸ ಅಡುಗೆ ಮಡಕೆಯನ್ನು ಒಂದು ದಿನ ನೀರಿನಲ್ಲಿ ಮುಳುಗಿಸಿಟ್ಟು, ಬಳಿಕ ಅಕ್ಕಿ ಗಂಜಿಯನ್ನು ಅದರಲ್ಲಿ ಸಣ್ಣ ಉರಿಯ ಮೇಲೆ ಕುದಿಸಿ ಚೆಲ್ಲಿದರೆ ರಂಧ್ರಗಳು ಹಿಡಿದು ಪಾತ್ರೆ ಬಾಳಿಕೆ ಬರುತ್ತದೆ. ಬಿಸಿ ಮಡಕೆಯನ್ನು ತಣ್ಣನೆಯ ಕಲ್ಲಿನ ಮೇಲೆ ಇಡಬಾರದು. ಹುಲ್ಲಿನ ಸಿಂಬಿ ಇರಲಿ.